ಮಾಟುಂಗಾದ ಸಂಜೆಯ ಗಣಿತ ಕೂಟ: ಯಾರಿಗೆ ತಕ್ಕದ್ದು, ಯಾರಿಗೆ ಅಲ್ಲ

ಮುಂಬಯಿಯಲ್ಲಿ ಪ್ರಾಥಮಿಕ ಶಾಲೆಯ ಮಗುವನ್ನು ಸಂಜೆಯ ಹೊತ್ತು ಗಣಿತಕ್ಕೆಂದು ಎಲ್ಲಿಗಾದರೂ ಕಳುಹಿಸಬೇಕೆಂದರೆ ಪೋಷಕರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ಶಾಲೆಯ ಪಾಠವನ್ನೇ ಮತ್ತೊಮ್ಮೆ ಮಾಡಿಸುವ ಟ್ಯೂಷನ್, ಕೈಬೆರಳಿಗೆ ವೇಗ ಕಲಿಸುವ ಅಬ್ಯಾಕಸ್ ತರಗತಿ, ಇಲ್ಲವೇ ಶಿಷ್ಯವೃತ್ತಿ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್. ನಾನು ಇಲ್ಲಿ ಬರೆಯಹೊರಟಿರುವ ಗಣಿತ ಕೂಟ ಈ ಮೂರರ ಸಾಲಿಗೂ ಸೇರುವುದಿಲ್ಲ. ಮಾಟುಂಗಾ ಮತ್ತು ವಡಾಳದ ನಡುವೆ, ಹಳೆಯ ಕಟ್ಟಡವೊಂದರ ಮೊದಲ ಮಹಡಿಯ ಸಭಾಗೃಹದಲ್ಲಿ ವಾರಕ್ಕೆರಡು ಸಂಜೆ ಸೇರುವ ಈ ಕೂಟವನ್ನು ಕನ್ನಡ ಶಾಲೆಗಳಿಂದ ನಿವೃತ್ತರಾದ ಕೆಲವು ಶಿಕ್ಷಕರು ನಡೆಸುತ್ತಿದ್ದಾರೆ, ಡಿ.ಎಲ್.ಎಡ್. ಮತ್ತು ಬಿ.ಎಡ್. ಎಂಬ ಶಿಕ್ಷಕ ತರಬೇತಿ ಕೋರ್ಸುಗಳಲ್ಲಿ ಓದುತ್ತಿರುವ ಪ್ರಶಿಕ್ಷಣಾರ್ಥಿಗಳನ್ನು ಎರಡರಿಂದ ಐದನೆಯ ತರಗತಿಯವರೆಗಿನ ಮಕ್ಕಳ ಜೊತೆ, ಒಬ್ಬರಿಗೆ ಇಬ್ಬರು ಮಕ್ಕಳಂತೆ, ಕೂರಿಸುತ್ತಾರೆ. ನನ್ನ ಮಗಳು ಮೂರನೆಯ ತರಗತಿಯಲ್ಲಿದ್ದಾಗ ಇಡೀ ವರ್ಷ ಇಲ್ಲಿಗೆ ಹೋದಳು, ಪೋಷಕರು ಹಿಂದಿನ ಕುರ್ಚಿಗಳಲ್ಲಿ ಕುಳಿತು ನೋಡಬಹುದು ಎಂಬ ನಿಯಮವನ್ನು ನಾನು ಧಾರಾಳವಾಗಿ ಬಳಸಿಕೊಂಡೆ. ಮಕ್ಕಳ ಮತ್ತು ಇನ್ನೂ ಕಲಿಯುತ್ತಿರುವ ತರುಣ ಶಿಕ್ಷಕರ ವಿಷಯವಾದ್ದರಿಂದ ಕೂಟದ ಹೆಸರನ್ನಾಗಲಿ, ಅಲ್ಲಿನವರ ಹೆಸರನ್ನಾಗಲಿ ಬರೆಯುವುದಿಲ್ಲ. ಆ ಭಾಗದಲ್ಲಿ ಇರುವವರಿಗೆ ಪತ್ತೆ ಹಚ್ಚುವುದು ಕಷ್ಟವೇನಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಒಂದು ಲೆಕ್ಕವನ್ನು ಹೇಗೆ ಯೋಚಿಸಿ ಮಾಡಿತು ಎಂಬುದನ್ನು ಪೂರ್ತಿ ಕೇಳಿಸಿಕೊಳ್ಳುವ ಒಬ್ಬ ದೊಡ್ಡವರು ಈ ಕೂಟದಲ್ಲಿ ಸಿಗುತ್ತಾರೆ, ಕೊಡುವ ಹಣಕ್ಕೆ ದೊರೆಯುವ ನಿಜವಾದ ಪ್ರತಿಫಲ ಅದು. ಹಾಗೆ ಕೇಳಿಸಿಕೊಳ್ಳುವ ಅಭ್ಯಾಸ ಆ ಪ್ರಶಿಕ್ಷಣಾರ್ಥಿಗೂ ಹುಟ್ಟಿನಿಂದ ಬಂದದ್ದಲ್ಲ, ನಮ್ಮ ಮಕ್ಕಳ ಎದುರಿನಲ್ಲೇ ತಿಂಗಳುಗಟ್ಟಲೆ ಕುಳಿತು ಅವರು ಅದನ್ನು ಸಂಪಾದಿಸುತ್ತಾರೆ. ಸಂಪಾದಿಸಿದ ಹೊತ್ತಿಗೆ ಅವಧಿ ಮುಗಿದು ಹೊರಟುಹೋಗುತ್ತಾರೆ ಎಂಬುದು ಈ ಕೂಟದ ಅತಿ ದೊಡ್ಡ ಕೊರತೆ.

ಸಂಜೆಯ ಕ್ರಮ ಸರಳವಾದದ್ದು. ಮೊದಲು ಎಲ್ಲರೂ ಸೇರಿ ಆಡುವ ಒಂದು ಆಟ, ಅನಂತರ ಮುಕ್ಕಾಲು ಗಂಟೆಯಷ್ಟು ಜೋಡಿ ಕೆಲಸ, ಕೊನೆಗೆ ಒಂದಿಬ್ಬರು ಮಕ್ಕಳು ತಾವು ಹಿಡಿದ ದಾರಿಯನ್ನು ಹಲಗೆಯ ಮೇಲೆ ಬರೆದು ಉಳಿದವರಿಗೆ ವಿವರಿಸುವುದು. ಮಕ್ಕಳು ಚಪ್ಪಲಿ ಹುಡುಕಿಕೊಂಡು ಮೆಟ್ಟಿಲಿಳಿದ ಮೇಲೆ ಪ್ರಶಿಕ್ಷಣಾರ್ಥಿಗಳು ಮಾತ್ರ ಉಳಿದು, ಹಿರಿಯ ಶಿಕ್ಷಕಿಯೊಬ್ಬರ ಸುತ್ತ ಅರ್ಧ ಗಂಟೆ ಕುಳಿತುಕೊಳ್ಳುತ್ತಾರೆ. ಯಾವ ಮಗು ಏನೆಂದಿತು, ಅದಕ್ಕೆ ತಾನು ಏನು ಕೇಳಿದೆ, ಇನ್ನೇನು ಕೇಳಬಹುದಿತ್ತು ಎಂಬುದಷ್ಟೇ ಅಲ್ಲಿನ ಚರ್ಚೆ. ಬಾಗಿಲ ಬಳಿ ನಿಂತು ಕೇಳಲು ನನಗೂ ಒಪ್ಪಿಗೆ ಸಿಕ್ಕಿತ್ತು. ಈ ಅರ್ಧ ಗಂಟೆಯನ್ನು ತೆಗೆದುಹಾಕಿದರೆ ಉಳಿಯುವುದು ಕಡಿಮೆ ಶುಲ್ಕದ ಒಂದು ಟ್ಯೂಷನ್ ಮಾತ್ರ.

ಇಂಥ ಜೋಡಣೆಯ ಅಗತ್ಯ ಏನಿತ್ತು ಎಂದು ಕೇಳುವವರಿಗೆ ಶಿಕ್ಷಕ ತರಬೇತಿಯ ಒಳಗಿನ ಸ್ಥಿತಿ ಸ್ವಲ್ಪ ತಿಳಿದಿರಬೇಕು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಬಿ.ಎಡ್. ಎರಡು ವರ್ಷದ್ದಾಯಿತು, ಅದರಲ್ಲಿ 20 ವಾರಗಳನ್ನು ಶಾಲೆಗಳ ಜೊತೆಗಿನ ಕೆಲಸಕ್ಕೆ ಮೀಸಲಿಡಲಾಯಿತು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ ಆ ವಾರಗಳಲ್ಲಿ ಪ್ರಶಿಕ್ಷಣಾರ್ಥಿ ನಿಲ್ಲುವುದು ತುಂಬಿದ ತರಗತಿಯ ಮುಂದೆ, ಕೈಯಲ್ಲಿ ಪಾಠಟಿಪ್ಪಣಿ ಹಿಡಿದು, ಹಿಂದಿನ ಬೆಂಚಿನಲ್ಲಿ ಅಂಕ ಹಾಕಲು ಕುಳಿತ ಉಪನ್ಯಾಸಕರನ್ನು ಗಮನದಲ್ಲಿಟ್ಟುಕೊಂಡು. ಅದಕ್ಕೂ ಮೊದಲು ಸೂಕ್ಷ್ಮ ಬೋಧನೆ ಎಂಬ ಅಭ್ಯಾಸವಿದೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಪದ್ಧತಿ ನಮ್ಮ ತರಬೇತಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನಡೆಯುವ ರೀತಿಯಲ್ಲಿ ಸಹಪಾಠಿಗಳೇ ಮಕ್ಕಳಂತೆ ನಟಿಸಿ, ಐದಾರು ನಿಮಿಷದ ಪಾಠ ಕೇಳುತ್ತಾರೆ. ಇಪ್ಪತ್ತೆರಡು ವರ್ಷದ ತರುಣಿ ಮೂರನೆಯ ತರಗತಿಯ ಮಗುವಿನಂತೆ ನಟಿಸುವಾಗ ತಪ್ಪನ್ನೂ ದೊಡ್ಡವರ ತರ್ಕದಿಂದಲೇ ಮಾಡುತ್ತಾಳೆ. ನಿಜವಾದ ಮಗು ಮಾಡುವ ತಪ್ಪಿನ ಒಳಗೆ ಅದರದೇ ಆದ ಒಂದು ನಿಯಮ ಇರುತ್ತದೆ, ಆ ನಿಯಮವನ್ನು ಯಾವ ಸಹಪಾಠಿಯೂ ನಟಿಸಿ ತೋರಿಸಲಾರರು. ಕಾಲೇಜು ವಿದ್ಯಾರ್ಥಿಗಳನ್ನು ಶಾಲೆ ಬಿಟ್ಟ ಮೇಲಿನ ಕೂಟಗಳಲ್ಲಿ ಮಕ್ಕಳ ಜೊತೆ ಕೂರಿಸುವ ಪ್ರಯೋಗವನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಮೈಕೆಲ್ ಕೋಲ್ ಮತ್ತು ಸಂಗಡಿಗರು 1980ರ ದಶಕದಲ್ಲೇ ನಡೆಸಿದ್ದರು. ಅಲ್ಲಿ ಮಗುವಿನ ಕಲಿಕೆಯಷ್ಟೇ ಕಾಲೇಜು ವಿದ್ಯಾರ್ಥಿಯ ಕಲಿಕೆಗೂ ಮಹತ್ವ ಇತ್ತು, ವಿದ್ಯಾರ್ಥಿಗಳು ಪ್ರತಿ ಭೇಟಿಯ ಅನಂತರ ತಾವು ಕಂಡದ್ದನ್ನು ಬರೆದಿಡಬೇಕಾಗಿತ್ತು. ನಮ್ಮ ಕೂಟದವರು ಅದನ್ನು ಓದಿ ತಿಳಿದು ಮಾಡಿದರೋ ತಮ್ಮ ಅನುಭವದಿಂದಲೇ ಅಲ್ಲಿಗೆ ಬಂದರೋ, ಅಂತೂ ಬರೆದಿಡುವ ಪದ್ಧತಿ ಇಲ್ಲಿಯೂ ಇದೆ. ಆ ಪುಸ್ತಕಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ಕೂಟ ಕೆಲಸ ಮಾಡುವ ಬಗೆಯನ್ನು ತಿಳಿಸಲು ಒಂದು ವ್ಯವಕಲನದ ಲೆಕ್ಕ ಸಾಕು. ಎರಡನೆಯ ತರಗತಿಯ ಒಬ್ಬ ಹುಡುಗ 52ರಿಂದ 27ನ್ನು ಕಳೆದು 35 ಎಂದು ಬರೆದ. ಹತ್ತರ ಸ್ಥಾನದಲ್ಲಿ ಐದರಿಂದ ಎರಡು ಕಳೆದರೆ ಮೂರು. ಬಿಡಿ ಸ್ಥಾನದಲ್ಲಿ ಏಳರಿಂದ ಎರಡು ಕಳೆದರೆ ಐದು. ಯಾವ ಸ್ಥಾನದಲ್ಲೇ ಆಗಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಅವನು ತಾನೇ ಕಟ್ಟಿಕೊಂಡು, ಎಲ್ಲ ಲೆಕ್ಕಗಳಲ್ಲೂ ನಿಷ್ಠೆಯಿಂದ ಪಾಲಿಸುತ್ತಿದ್ದ. ಅವನ ಜೊತೆಗಿದ್ದ ಪ್ರಶಿಕ್ಷಣಾರ್ಥಿ ಜೂನ್ ತಿಂಗಳಲ್ಲಿ ಮಾಡಿದ್ದು ಎಲ್ಲರೂ ಮಾಡುವುದನ್ನೇ: ಉತ್ತರವನ್ನು ಅಳಿಸಿ, ಪಕ್ಕದ ಮನೆಯಿಂದ ಹತ್ತು ಸಾಲ ತರುವ ಕಥೆಯನ್ನು ಹೇಳಿ, ತಾವೇ ಬರೆದು ತೋರಿಸಿದರು. ಹುಡುಗ ತಲೆಯಾಡಿಸಿದ, ಮುಂದಿನ ಲೆಕ್ಕವನ್ನು ತನ್ನ ನಿಯಮದಂತೆಯೇ ಮಾಡಿದ. ದೀಪಾವಳಿ ರಜೆ ಮುಗಿದ ಮೇಲೆ ಅಂಥದ್ದೇ ಲೆಕ್ಕ ಮತ್ತೆ ಬಂದಾಗ ಅವರು ಪೆನ್ಸಿಲ್ ಮುಟ್ಟಲಿಲ್ಲ. ನಿನ್ನ ಹತ್ತಿರ 52 ರೂಪಾಯಿ ಇದೆ, 27 ರೂಪಾಯಿಯ ಬಿಸ್ಕತ್ತು ತೆಗೆದುಕೊಂಡೆ, ಅಂಗಡಿಯವರು ಎಷ್ಟು ಹಿಂದಿರುಗಿಸಬೇಕು ಎಂದಷ್ಟೇ ಕೇಳಿದರು. ಹುಡುಗ ತಡಮಾಡದೆ 25 ಎಂದ. ಹೇಗೆ ಎಂದರೆ, 27ಕ್ಕೆ ಮೂರು ಹಾಕಿದರೆ ಮೂವತ್ತು, ಅಲ್ಲಿಂದ ಐವತ್ತೆರಡಕ್ಕೆ ಇಪ್ಪತ್ತೆರಡು, ಒಟ್ಟು ಇಪ್ಪತ್ತೈದು ಎಂದು ವಿವರಿಸಿದ. ಆಮೇಲೆ ಎರಡು ಉತ್ತರಗಳನ್ನೂ ಅಕ್ಕಪಕ್ಕ ಇಟ್ಟು, ಒಂದೇ ಲೆಕ್ಕಕ್ಕೆ ಎರಡು ಉತ್ತರ ಇರಬಹುದೇ ಎಂದು ಅವನನ್ನೇ ಕೇಳಿದರು, ಅವನು ಬಹಳ ಹೊತ್ತು ಸುಮ್ಮನಿದ್ದರೂ ನಡುವೆ ಮಾತಾಡಲಿಲ್ಲ. ಆ ಸುಮ್ಮನಿರುವಿಕೆಯನ್ನು ಸಹಿಸಿಕೊಳ್ಳುವುದು ಜೂನ್‌ನಲ್ಲಿ ಅವರಿಂದ ಆಗುತ್ತಿರಲಿಲ್ಲ.

ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬೆಳೆದ ಮಕ್ಕಳು ಮುಂಬಯಿ ಕನ್ನಡಿಗರಾದ ನಮ್ಮ ಸಮುದಾಯದಲ್ಲಿ ಬಹಳ ಮಂದಿ ಇದ್ದಾರಾದ್ದರಿಂದ ಈ ಅನುಭವ ನಮಗೆ ಹೊಸದಲ್ಲ. ಬಿಲ್ಲಿನ ಚಿಲ್ಲರೆಯನ್ನು ಚಕಚಕನೆ ಎಣಿಸಿ ಕೊಡುವ ಹುಡುಗ ಪರೀಕ್ಷೆಯ ಹಾಳೆಯ ಮುಂದೆ ಮುಗ್ಗರಿಸುವುದನ್ನು ಕಂಡು ಮನೆಯವರು ಅವನಿಗೆ ಓದಿನ ಮೇಲೆ ಗಮನವಿಲ್ಲ ಎಂದುಬಿಡುತ್ತಾರೆ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಿಗೆ ನೂರಕ್ಕೆ 98ರಷ್ಟು ಸರಿಯುತ್ತರ ಕೊಟ್ಟ ಅದೇ ಮಕ್ಕಳು, ಅವೇ ಲೆಕ್ಕಗಳನ್ನು ಬರಿಯ ಅಂಕೆಗಳಾಗಿ ಕಾಗದದ ಮೇಲೆ ಕೊಟ್ಟಾಗ 37ರಷ್ಟಕ್ಕೆ ಇಳಿದಿದ್ದರು. ಕೂಟದ ಹಿರಿಯ ಶಿಕ್ಷಕಿ ಪ್ರಶಿಕ್ಷಣಾರ್ಥಿಗಳಿಗೆ ಪದೇ ಪದೇ ಹೇಳುವ ಮಾತು ಇದಕ್ಕೆ ಹತ್ತಿರವಾದದ್ದು: ಮಗುವಿಗೆ ಬಾರದ್ದನ್ನು ಹುಡುಕುವ ಮೊದಲು ಬರುವುದನ್ನು ಹುಡುಕಿ.

ಮುಂಬಯಿಯದೇ ಆದ ಇನ್ನೊಂದು ತೊಡಕನ್ನು ಈ ಕೂಟ ನಿಭಾಯಿಸುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಹಾನಗರಪಾಲಿಕೆಯ ಶಾಲೆಗಳೇ ಎಂಟು ಮಾಧ್ಯಮಗಳಲ್ಲಿ ಪಾಠ ಹೇಳಿದ ಊರು ಇದು. ಇಲ್ಲಿ ನಮ್ಮ ಮಗುವಿಗೆ 35 ಎಂಬ ಸಂಖ್ಯೆ ಮನೆಯಲ್ಲಿ ಮೂವತ್ತೈದು, ಶಾಲೆಯಲ್ಲಿ ಥರ್ಟಿಫೈವ್, ಬಸ್ಸಿನ ಕಂಡಕ್ಟರ್ ಬಾಯಲ್ಲಿ ಪಸ್ತೀಸ್, ತರಕಾರಿ ಗಾಡಿಯವರ ಬಾಯಲ್ಲಿ ಪೈಂತೀಸ್. ಕನ್ನಡದಲ್ಲಿ ಹತ್ತುಗಳು ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಬಿಡಿ ಮೊದಲು ಬರುತ್ತದೆ, 49ಕ್ಕಂತೂ ಐವತ್ತಕ್ಕೆ ಒಂದು ಕಡಿಮೆ ಎನ್ನುವ ಏಕೋಣಪನ್ನಾಸ್ ಎಂಬ ಹೆಸರಿದೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 21ನ್ನು ಏಕವೀಸ್ ಎನ್ನುವುದರ ಜೊತೆಗೆ ವೀಸ್ ಏಕ್ ಎಂದೂ ಓದುವ ಕ್ರಮವನ್ನು ಸೇರಿಸಿದಾಗ ಮಹಾರಾಷ್ಟ್ರದಲ್ಲಿ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಮಂಗಳಾ ನಾರಳೀಕರ್ ಅವರು ಅದನ್ನು ಮಕ್ಕಳ ಅನುಕೂಲದ ದೃಷ್ಟಿಯಿಂದ ಸಮರ್ಥಿಸಿದರು, ಭಾಷೆಯ ಅಭಿಮಾನಿಗಳು ಒಪ್ಪಲಿಲ್ಲ. ವಿವಾದದಲ್ಲಿ ಯಾರು ಸರಿ ಎಂಬುದು ಹಾಗಿರಲಿ, ತೊಂದರೆ ಮಾತ್ರ ಕಲ್ಪನೆಯದಲ್ಲ. ಮರಾಠಿಯಲ್ಲಿ ತ್ರೇಪನ್ನ ಎಂದು ಕೇಳಿ 35 ಎಂದು ಬರೆದ ಒಬ್ಬ ಹುಡುಗನಿಗೆ, ಮರಾಠಿ ಮನೆಮಾತಿನ ಪ್ರಶಿಕ್ಷಣಾರ್ಥಿಯೊಬ್ಬರು ಅದನ್ನು ನಿನ್ನ ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಐವತ್ತಮೂರು ಎಂದು ಅವನು ನಿಧಾನವಾಗಿ ಬಿಡಿಸಿ ಹೇಳುತ್ತ ತಾನೇ ಅಂಕೆಗಳನ್ನು ತಿದ್ದಿಕೊಂಡ. ಅನಂತರ ಹತ್ತು ಹತ್ತು ಮಣಿಗಳಿಗೆ ಬಣ್ಣ ಬದಲಾಗುವ ನೂರು ಮಣಿಗಳ ಗಣಿತಮಾಲೆಯಲ್ಲಿ ಐದು ಹತ್ತು ಮತ್ತು ಮೂರು ಬಿಡಿಯನ್ನು ಎಣಿಸಿ ತೋರಿಸಿದ. ಕನ್ನಡ ಬಾರದ ಪ್ರಶಿಕ್ಷಣಾರ್ಥಿ ಕನ್ನಡದ ಸಂಖ್ಯೆಯ ನೆರವು ಪಡೆದದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಇಂಗ್ಲಿಷ್ ಮಾಧ್ಯಮದ ಶಾಲೆಗಳು ಮನೆಭಾಷೆಯನ್ನು ಗೇಟಿನ ಹೊರಗೆ ಬಿಟ್ಟು ಬರಲು ಹೇಳುತ್ತವೆ. ಇಲ್ಲಿ ಆ ಭಾಷೆಯನ್ನು ಲೆಕ್ಕದ ಸಾಮಗ್ರಿಗಳಲ್ಲಿ ಒಂದಾಗಿ ಬಳಸುತ್ತಾರೆ.

ಸಾಮಗ್ರಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ: ರಬ್ಬರ್ ಬ್ಯಾಂಡು ಹಾಕಿದ ಐಸ್‌ಕ್ರೀಮ್ ಕಡ್ಡಿಗಳ ಕಟ್ಟು, ಹುಣಸೆಬೀಜ, ಆಟದ ನೋಟುಗಳು, ಚೌಕುಳಿ ಹಾಳೆ. ಯಾವುದೂ ದುಬಾರಿಯದಲ್ಲ. ಯಾರೋ ಊರಿನಿಂದ ತಂದುಕೊಟ್ಟ ಒಂದು ಚೆನ್ನೆಮಣೆ ಇದೆ, ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕು ಕಾಯಿ ಹಾಕಿ ಆರಂಭಿಸುವ ತುಳುನಾಡಿನ ಆಟ. ಒಟ್ಟು ಎಷ್ಟು ಕಾಯಿ ಬೇಕು ಎಂಬ ಪ್ರಶ್ನೆಗೆ ನನ್ನ ಮಗಳು ಒಂದು ಬದಿಗೆ ಏಳು ನಾಲ್ಕು ಇಪ್ಪತ್ತೆಂಟು, ಆ ಬದಿಗೂ ಅಷ್ಟೇ, ಆದ್ದರಿಂದ ಐವತ್ತಾರು ಎಂದಳು. ಅವಳ ಜೋಡಿಯ ಹುಡುಗ ಹತ್ತು ನಾಲ್ಕು ನಲವತ್ತು, ಉಳಿದ ನಾಲ್ಕು ಗುಳಿಗೆ ಹದಿನಾರು ಎಂದು ಕೂಡಿದ. ಇಬ್ಬರ ದಾರಿಯನ್ನೂ ಹಲಗೆಯ ಮೇಲೆ ಬರೆಸಿ, ಯಾವುದು ಸುಲಭ ಎಂದು ಉಳಿದ ಮಕ್ಕಳಿಂದ ವಾದ ಮಾಡಿಸಿದರು. ಗುಣಾಕಾರವನ್ನು ಒಡೆದು ಕೂಡಿಸುವ ನಿಯಮಕ್ಕೆ ಶಾಲೆಯಲ್ಲಿ ಒಂದು ದೊಡ್ಡ ಹೆಸರು ಬರುವ ಹೊತ್ತಿಗೆ ಈ ಮಕ್ಕಳು ಅದನ್ನು ಆಗಲೇ ಬಳಸಿ ಹಳತು ಮಾಡಿರುತ್ತಾರೆ.

ವರ್ಷದಲ್ಲಿ ಅತ್ಯುತ್ತಮ ಎನ್ನಬಹುದಾದ ಸಂಜೆ ಕಾಪ್ರೇಕರ್ ಅವರದು. ದಹಾಣೂವಿನಲ್ಲಿ 1905ರಲ್ಲಿ ಹುಟ್ಟಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಜೀವನವಿಡೀ ಶಾಲಾ ಮೇಷ್ಟ್ರಾಗಿದ್ದ ದ. ರಾ. ಕಾಪ್ರೇಕರ್ 1949ರಲ್ಲಿ 6174 ಎಂಬ ಸಂಖ್ಯೆಯ ವೈಚಿತ್ರ್ಯವನ್ನು ಜಗತ್ತಿನ ಮುಂದಿಟ್ಟರು. ನಾಲ್ಕಂಕಿಯ ಯಾವುದೇ ಸಂಖ್ಯೆಯನ್ನು, ಎಲ್ಲ ಅಂಕೆಗಳೂ ಒಂದೇ ಆಗಿರದಿದ್ದರೆ ಸಾಕು, ಅಂಕೆಗಳ ಇಳಿಕೆಯ ಕ್ರಮದಲ್ಲಿ ಬರೆದು ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆದು, ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋದರೆ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬಂದು ನಿಲ್ಲುತ್ತದೆ. ಚಿಕ್ಕ ಮಕ್ಕಳಿಗಾಗಿ ಕೂಟದವರು ಮೂರಂಕಿಯ ರೂಪವನ್ನು ಆರಿಸಿಕೊಂಡಿದ್ದರು. 653ರಿಂದ 356 ಕಳೆದರೆ 297. 972ರಿಂದ 279 ಕಳೆದರೆ 693. 963ರಿಂದ 369 ಕಳೆದರೆ 594. 954ರಿಂದ 459 ಕಳೆದರೆ 495, ಆಮೇಲೆ ಎಷ್ಟು ಸಲ ಮಾಡಿದರೂ 495ನ್ನು ದಾಟಲಾಗುವುದಿಲ್ಲ. ಮನೆಯಲ್ಲಿ ನಾಲ್ಕು ವ್ಯವಕಲನ ಕೊಟ್ಟರೆ ಹೊಟ್ಟೆನೋವು ಎನ್ನುವ ಮಕ್ಕಳು, ತಮ್ಮ ಸಂಖ್ಯೆಯಾದರೂ ತಪ್ಪಿಸಿಕೊಂಡೀತೇ ಎಂದು ಹಾಳೆಯ ಮೇಲೆ ಹಾಳೆ ತುಂಬಿಸಿದರು. ಯಾರಿಗಾದರೂ 495 ಬಾರದಿದ್ದರೆ ಎಲ್ಲೋ ದಶಕ ತೆಗೆದುಕೊಳ್ಳುವುದರಲ್ಲಿ ಎಡವಿದ್ದಾರೆಂದು ಅವರಿಗೇ ಗೊತ್ತಾಗುತ್ತಿತ್ತು, ತಿದ್ದುವವರು ಬೇಕಾಗಲಿಲ್ಲ.

ಆ ಸಂಜೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಬರುವ ಎಲ್ಲ ಉತ್ತರಗಳಲ್ಲೂ ನಡುವಿನ ಅಂಕೆ 9 ಎಂದು ಗಮನಿಸಿ, ಅಕ್ಕಾ, ಆಚೆಯದನ್ನೂ ಈಚೆಯದನ್ನೂ ಕೂಡಿದರೂ ಒಂಬತ್ತೇ ಬರುತ್ತದೆ, ನೋಡಿ ಎಂದಳು. ಪ್ರಶಿಕ್ಷಣಾರ್ಥಿಗೆ ಕಾರಣ ತಿಳಿದಿರಲಿಲ್ಲ, ತಿಳಿದಿಲ್ಲ ಎಂದೇ ಹೇಳಿದರು. ಮಕ್ಕಳು ಹೋದ ಮೇಲಿನ ಚರ್ಚೆಯಲ್ಲಿ ಹಿರಿಯ ಶಿಕ್ಷಕಿಯೂ ಉತ್ತರವನ್ನು ಕೈಗಿಡಲಿಲ್ಲ. ನೂರು, ಹತ್ತು, ಬಿಡಿಗಳನ್ನು ಅಕ್ಷರಗಳಲ್ಲಿ ಬರೆದು ನೀವೇ ಕಳೆಯಿರಿ ಎಂದರು. ಹಾಗೆ ಕಳೆದರೆ ನಡುವಿನ ಅಂಕೆ ಮಾಯವಾಗಿ, ಮೊದಲ ಮತ್ತು ಕೊನೆಯ ಅಂಕೆಗಳ ವ್ಯತ್ಯಾಸದ 99 ಪಟ್ಟು ಮಾತ್ರ ಉಳಿಯುತ್ತದೆ, 99ರ ಈ ಮೂರಂಕಿಯ ಗುಣಕಗಳಲ್ಲೆಲ್ಲ ನಡುವೆ 9 ಇರುತ್ತದೆ, ಎರಡು ತುದಿಗಳ ಮೊತ್ತ 9 ಆಗುತ್ತದೆ. ಹೈಸ್ಕೂಲಿನ ಬೀಜಗಣಿತದಲ್ಲಿ ಹೆಚ್ಚು ಅಂಕ ಪಡೆದ ಈ ತರುಣ ತರುಣಿಯರಿಗೆ ಬೀಜಗಣಿತ ಯಾವುದಾದರೂ ಪ್ರಶ್ನೆಗೆ ಉತ್ತರವಾಗಬಲ್ಲದು ಎಂಬುದು ಅಂದೇ ಮೊದಲು ತಿಳಿದಂತಿತ್ತು. ನಮ್ಮ ತರಬೇತಿ ಕಾಲೇಜುಗಳ ಬಗ್ಗೆ ಇದು ಒಳ್ಳೆಯ ಮಾತಲ್ಲ, ಆದರೆ ಕೂಟದ ಪರವಾಗಿ ಹೇಳಬಹುದಾದ ದೊಡ್ಡ ಮಾತು.

ಎಲ್ಲ ಮನೆಗಳಲ್ಲೂ ಇದಕ್ಕೆ ಮನ್ನಣೆ ಸಿಗುತ್ತದೆಂದು ಹೇಳಲಾರೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಕಣ್ಣು ತೂಗುತ್ತ ಮಗ್ಗಿ ಒಪ್ಪಿಸಿದ ಹಿರಿಯರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಮೊಮ್ಮಗನನ್ನು ಕರೆದುಕೊಂಡು ಬರುತ್ತಿದ್ದ ಅಂಥ ಒಬ್ಬರು, ಮಗ್ಗಿ ಬಾಯಿಗೆ ಬಾರದೆ ಲೆಕ್ಕ ಎಲ್ಲಿಂದ ಬರುವುದು ಮಾರಾಯ್ರೇ, ಇವರು ಆಟ ಆಡಿಸಿ ಹೊತ್ತು ಕಳೆಯುತ್ತಾರೆ ಎಂದು ನನ್ನೊಡನೆ ಹೇಳಿಕೊಂಡರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ನನ್ನ ಅನಿಸಿಕೆ. ಏಳೆಂಟಲಿ ಎಷ್ಟು ಎಂಬುದನ್ನು ಪ್ರತಿ ಸಲವೂ ಏಳ್ನಾಲ್ಕಲಿ ಇಪ್ಪತ್ತೆಂಟರಿಂದ ಕಟ್ಟಿಕೊಳ್ಳುವ ಮಗು ಉದ್ದನೆಯ ಭಾಗಾಕಾರದ ನಡುವಿನಲ್ಲಿ ದಣಿದು ಕೈಬಿಡುತ್ತದೆ. ತಿಳಿದ ಮೇಲೆ ಅದನ್ನು ಗಟ್ಟಿ ಮಾಡಿಸುವ ಕೆಲಸವನ್ನು ಕೂಟ ಹೀಗಳೆದಿದೆ, ಗಟ್ಟು ಹೊಡೆಯುವುದೆಂದರೆ ಪಾಪವೆಂಬಂತೆ ಪ್ರಶಿಕ್ಷಣಾರ್ಥಿಗಳು ಮಾತಾಡುತ್ತಾರೆ. ಮರಾಠಿ ಮನೆಗಳಲ್ಲಿ ಹಿಂದೆ ಪಾವಕಿ, ನಿಮಕಿ, ದೀಡಕಿ ಎಂದು ಕಾಲು, ಅರೆ, ಒಂದೂವರೆಗಳಿಗೂ ಮಗ್ಗಿಗಳಿದ್ದವು. ನಮ್ಮಲ್ಲಿಯೂ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳಿದ್ದವು. ಭಿನ್ನರಾಶಿ ಕಲಿಸಲು ಅವುಗಳಿಗಿಂತ ಒಳ್ಳೆಯ ಬಾಗಿಲು ಸಿಗುವುದು ಕಷ್ಟ. ಅವನ್ನು ಬಲ್ಲ ಅಜ್ಜಂದಿರು ಅದೇ ಸಭಾಗೃಹದ ಹಿಂದಿನ ಕುರ್ಚಿಗಳಲ್ಲಿ ಕುಳಿತಿದ್ದರೂ ಯಾರೂ ಕೇಳಲಿಲ್ಲ.

ಟ್ಯೂಷನ್ನಿಗೆ ಹೋಲಿಸಿ ನೋಡುವವರು ಒಂದು ವಿಷಯವನ್ನು ಗಮನಿಸಬೇಕು. ಟ್ಯೂಷನ್ ತರಗತಿಯಲ್ಲಿ ಸರಿಯುತ್ತರ ಬಂದ ಕ್ಷಣ ಮಾತು ಮುಗಿಯುತ್ತದೆ, ಈ ಕೂಟದಲ್ಲಿ ಸರಿಯುತ್ತರದ ಮೇಲೂ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಕೆಲವು ಪೋಷಕರಿಗೆ ಇದು ಕಾಲಹರಣವಾಗಿ ಕಾಣುತ್ತದೆ. 1973ರಲ್ಲಿ ಎರ್ಲ್‌ವಾಂಗರ್ ಎಂಬ ಸಂಶೋಧಕರು ಅಮೆರಿಕದ ಶಾಲೆಯೊಂದರ ಆರನೆಯ ತರಗತಿಯ ಹುಡುಗನನ್ನು ಮಾತಾಡಿಸಿ ಬರೆದ ಲೇಖನವನ್ನು ಅವರ ಮುಂದಿಡಬಹುದು. ಬೆನ್ನಿ ಎಂದು ಕರೆಯಲಾದ ಆ ಹುಡುಗ ಹಾಳೆಯಿಂದ ಹಾಳೆಗೆ ಮುಂದೆ ಸಾಗುವ ಒಂದು ಸ್ವಯಂಕಲಿಕೆಯ ಕ್ರಮದಲ್ಲಿ ಚೆನ್ನಾಗಿಯೇ ತೇರ್ಗಡೆಯಾಗುತ್ತ ಬಂದಿದ್ದ, ಶಿಕ್ಷಕರ ಲೆಕ್ಕದಲ್ಲಿ ಜಾಣ. ಬಾಯಿಬಿಡಿಸಿದಾಗ ತಿಳಿದದ್ದು, ಹತ್ತರಲ್ಲಿ ಎರಡು ಭಾಗವನ್ನು ದಶಮಾಂಶದಲ್ಲಿ ಬರೆ ಎಂದರೆ ಅವನು ಹತ್ತಕ್ಕೆ ಎರಡು ಕೂಡಿ 12 ಮಾಡಿ, ನಡುವೆ ಬಿಂದುವಿಟ್ಟು 1.2 ಎನ್ನುತ್ತಿದ್ದ. ವರ್ಷಗಟ್ಟಲೆ ಯಾರೂ ಅವನನ್ನು ಹೇಗೆ ಎಂದು ಕೇಳಿರಲಿಲ್ಲ.

ಇನ್ನು ಕೊರತೆಗಳು. ಎಲ್ಲಕ್ಕೂ ಮುಖ್ಯವಾದದ್ದು, ಆಗಲೇ ಹೇಳಿದ ಹಾಗೆ, ಪ್ರಶಿಕ್ಷಣಾರ್ಥಿಗಳು ಬದಲಾಗುವುದು. ನವೆಂಬರ್ ಹೊತ್ತಿಗೆ ನನ್ನ ಮಗಳ ಜೊತೆಗಾರ್ತಿ ಅವಳ ಯೋಚನೆಯ ಜಾಡನ್ನು ಹಿಡಿದಿದ್ದರು. ಅವಳು ಎಲ್ಲಿ ಊಹಿಸುತ್ತಾಳೆ, ಎಲ್ಲಿ ನಿಜವಾಗಿ ಎಣಿಸುತ್ತಾಳೆ ಎಂದು ಮುಖ ನೋಡಿಯೇ ತಿಳಿಯುತ್ತಿದ್ದರು. ಕಾಲೇಜಿನ ಪರೀಕ್ಷೆ ಬಂತು, ಅವರು ಹೋದರು, ಹೊಸಬರು ಬಂದರು. ಹೊಸಬರು ಮತ್ತೆ ಸೊನ್ನೆಯಿಂದ ಆರಂಭಿಸಿದರು, ಪೆನ್ಸಿಲ್ ಕಿತ್ತುಕೊಂಡು ಬರೆದು ತೋರಿಸುವುದೂ ಸೇರಿದಂತೆ. ಹಿಂದಿನವರು ಪ್ರತಿ ವಾರ ಬರೆದ ವೀಕ್ಷಣಾ ಪುಸ್ತಕವನ್ನು ನೋಡಿದ್ದರೆ ಇಷ್ಟು ಹಿಂದಕ್ಕೆ ಹೋಗಬೇಕಾಗಿರಲಿಲ್ಲ. ಆ ಪುಸ್ತಕಗಳು ಆಂತರಿಕ ಅಂಕಗಳಿಗಾಗಿ ಕಾಲೇಜಿಗೆ ಸಲ್ಲಿಕೆಯಾಗುತ್ತವೆ, ಕೂಟದಲ್ಲಿ ಪ್ರತಿ ಉಳಿಯುವುದಿಲ್ಲ. ಮಗುವಿನ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಬರೆದ ಬರಹ ಮಗುವಿಗಾಗಲಿ ಮುಂದಿನ ಶಿಕ್ಷಕರಿಗಾಗಲಿ ಸಿಗದೆ ಕಾಲೇಜಿನ ಕಪಾಟು ಸೇರುವುದು ನನಗೆ ಸರಿಯೆನಿಸುವುದಿಲ್ಲ. ಹಸ್ತಾಂತರಕ್ಕೆ ಎರಡು ವಾರ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಎಂದು ನಾನು ಬರೆದುಕೊಟ್ಟೆ. ನೋಡೋಣ ಎಂಬ ಉತ್ತರ ಬಂದಿದೆ.

ಎರಡನೆಯ ಕೊರತೆ ಪ್ರಶಿಕ್ಷಣಾರ್ಥಿಗಳ ಸ್ವಂತ ಗಣಿತದ್ದು, ಇದು ಮೇಲಿನ ತರಗತಿಗಳಲ್ಲಿ ಎದ್ದು ಕಾಣುತ್ತದೆ. ಗುಣಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ, ಭಾಗಿಸಿದರೆ ಚಿಕ್ಕದಾಗುತ್ತದೆ ಎಂದು ಒಬ್ಬರು ಐದನೆಯ ತರಗತಿಯ ಮಕ್ಕಳಿಗೆ ಧೈರ್ಯವಾಗಿ ಹೇಳಿದರು. ಎಂಟನ್ನು ಅರ್ಧದಿಂದ ಗುಣಿಸಿದರೆ ನಾಲ್ಕು, ಅರ್ಧದಿಂದ ಭಾಗಿಸಿದರೆ ಹದಿನಾರು ಎಂಬುದನ್ನು ಹಿರಿಯ ಶಿಕ್ಷಕಿ ಚರ್ಚೆಯ ಹೊತ್ತಿನಲ್ಲಿ ತೋರಿಸಿ ತಿದ್ದಿದರಾದರೂ, ಅಷ್ಟರಲ್ಲಿ ಮಕ್ಕಳು ಮನೆ ಸೇರಿದ್ದರು. ಮುಂದಿನ ಸಂಜೆ ಆ ಮಾತನ್ನು ಹಿಂತೆಗೆದುಕೊಂಡದ್ದನ್ನು ನಾನು ಕಾಣಲಿಲ್ಲ. ಎರಡನೆಯ, ಮೂರನೆಯ ತರಗತಿಯ ಮಗುವಿನೆದುರು ಪ್ರಶಿಕ್ಷಣಾರ್ಥಿಯ ಕುತೂಹಲವೇ ಸಾಕಾಗುತ್ತದೆ. ಭಿನ್ನರಾಶಿ, ದಶಮಾಂಶ ಆರಂಭವಾದ ಮೇಲೆ ಜ್ಞಾನವೂ ಬೇಕು. ಮಾನಖುರ್ದ್‌ನಲ್ಲಿ ಗಣಿತ ಕಲಿಕೆಯ ಮೇಲೆಯೇ ಸಂಶೋಧನೆ ನಡೆಸುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಲೋಕಲ್ ರೈಲಿನ ಹಾರ್ಬರ್ ಲೈನಿನಲ್ಲಿ ಸ್ವಲ್ಪವೇ ದೂರದಲ್ಲಿದೆ. ಅಲ್ಲಿನವರನ್ನು ವರ್ಷಕ್ಕೊಮ್ಮೆಯಾದರೂ ಕರೆಸಿ ಪ್ರಶಿಕ್ಷಣಾರ್ಥಿಗಳ ಎದುರು ಕೂರಿಸುವ ಪ್ರಯತ್ನ ಯಾಕಾಗಿಲ್ಲವೋ ಅರ್ಥವಾಗದು.

ಸಮಯದ ಬಗ್ಗೆಯೂ ಒಂದು ಮಾತು. ಕೂಟ ನಾಲ್ಕೂವರೆಗೆ ಆರಂಭವಾಗುತ್ತದೆ. ಎರಡು ಪಾಳಿಗಳಲ್ಲಿ ನಡೆಯುವ ಮುಂಬಯಿಯ ಶಾಲೆಗಳಲ್ಲಿ ಮಧ್ಯಾಹ್ನದ ಪಾಳಿಯ ಮಕ್ಕಳು ಬಿಡುಗಡೆಯಾಗುವ ಹೊತ್ತಿಗೆ ಇಲ್ಲಿ ದೀಪ ಆರಿಸುತ್ತಿರುತ್ತಾರೆ. ಆಂಟಾಪ್ ಹಿಲ್ ಕಡೆಯ, ಇದರ ಅಗತ್ಯ ಹೆಚ್ಚಾಗಿರುವ ಎಷ್ಟೋ ಮಕ್ಕಳು ಈ ಒಂದೇ ಕಾರಣದಿಂದ ಬರಲಾಗುತ್ತಿಲ್ಲ. ಸಭಾಗೃಹದಲ್ಲಿ ಸದ್ದು ಪ್ರತಿಧ್ವನಿಸುತ್ತದೆ, ಮೆಲುದನಿಯ ಮಗು ಹೇಳುವುದು ಪಕ್ಕದವರಿಗೂ ಕೇಳಿಸದು. ಜುಲೈ ತಿಂಗಳ ಮಳೆಯಲ್ಲಿ ರೈಲು ನಿಂತರೆ ಪ್ರಶಿಕ್ಷಣಾರ್ಥಿಗಳಲ್ಲಿ ಅರ್ಧದಷ್ಟು ಜನ ಬರುವುದಿಲ್ಲ, ಒಬ್ಬರ ಮುಂದೆ ಐದಾರು ಮಕ್ಕಳು ಕೂರುತ್ತಾರೆ, ಆ ಸಂಜೆಗಳು ಬರೀ ಆಟದಲ್ಲಿ ಕಳೆಯುತ್ತವೆ.

ಶುಲ್ಕ ತಿಂಗಳಿಗೆ 400 ರೂಪಾಯಿ, ಕೊಡಲಾಗದವರಿಂದ ಕೇಳುವುದಿಲ್ಲ. ಈ ಮೊತ್ತಕ್ಕೆ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವಲ್ಲ ಎನ್ನುವವರಿದ್ದಾರೆ. ಎರಡು ವೀಕ್ಷಣಾ ಪುಸ್ತಕಗಳ ಜೆರಾಕ್ಸ್ ತೆಗೆದಿಡಲು ಹೆಚ್ಚಿನ ಹಣವೇನೂ ಬೇಕಾಗಿಲ್ಲವಾದ್ದರಿಂದ ನಾನು ಒಪ್ಪುವುದಿಲ್ಲ. ಎರಡರಿಂದ ನಾಲ್ಕನೆಯ ತರಗತಿಯ ಮಗುವಿದ್ದರೆ, ಅದರಲ್ಲೂ ಲೆಕ್ಕವೆಂದರೆ ಹೆದರುವ ಅಥವಾ ಉತ್ತರ ಮಾತ್ರ ಹೇಳಿ ಓಡುವ ಮಗುವಿದ್ದರೆ, ಹಿಂದೆಮುಂದೆ ನೋಡದೆ ಸೇರಿಸಬಹುದು. ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೂ ಓದು ಮತ್ತು ಸಂಖ್ಯಾಜ್ಞಾನದ ಬುನಾದಿ ಭದ್ರವಾಗಿರಬೇಕೆಂಬ ಗುರಿಯಿಟ್ಟುಕೊಂಡು ಕೇಂದ್ರ ಸರ್ಕಾರ 2021ರ ಜುಲೈ 5ರಂದು ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮ ಹೇಳುವ ವಯಸ್ಸೂ ಹೆಚ್ಚುಕಡಿಮೆ ಇದೇ. ಐದನೆಯ ತರಗತಿಯವರಿಗೂ, ಶಿಷ್ಯವೃತ್ತಿ ಪರೀಕ್ಷೆಯನ್ನು ಕಣ್ಣ ಮುಂದಿಟ್ಟುಕೊಂಡವರಿಗೂ ಇದು ತಕ್ಕ ಜಾಗವಲ್ಲ. ಅಲ್ಲಿಗೆ ಬೇಕಾದ ವೇಗವನ್ನು ಇಲ್ಲಿ ಯಾರೂ ಕಲಿಸುವುದಿಲ್ಲ, ಶಾಲೆಯ ಅಂಕಪಟ್ಟಿಯಲ್ಲಿ ಮೊದಲ ಆರು ತಿಂಗಳು ವ್ಯತ್ಯಾಸ ಕಾಣುವುದೂ ಇಲ್ಲ. ಮಗ್ಗಿಯನ್ನು ಮನೆಯಲ್ಲಿ ಬೇರೆಯಾಗಿ ಹೇಳಿಸಲೇಬೇಕು.

ಹೊಸ ಮಕ್ಕಳನ್ನು ಜೂನ್ ಎರಡನೆಯ ವಾರದಲ್ಲಿ, ಶಾಲೆಗಳು ತೆರೆದ ಮೇಲೆ ಸೇರಿಸಿಕೊಳ್ಳುತ್ತಾರೆ, ನಡುವಿನಲ್ಲಿ ಜಾಗ ಖಾಲಿಯಾಗುವುದು ಅಪರೂಪ. ಸೇರಿಸುವಾಗಲೇ ಎರಡು ವಿಷಯ ಕೇಳಿಕೊಳ್ಳಿ: ಮಗುವಿನ ಮನೆಭಾಷೆ ಬಲ್ಲ ಪ್ರಶಿಕ್ಷಣಾರ್ಥಿಯನ್ನು ಕೊಡಲಾಗುತ್ತದೆಯೇ, ಮತ್ತು ವೀಕ್ಷಣಾ ಪುಸ್ತಕದ ನಿಮ್ಮ ಮಗುವಿನ ಪುಟಗಳನ್ನು ಅವಧಿಯ ಕೊನೆಗೆ ಫೋಟೋ ತೆಗೆದುಕೊಳ್ಳಲು ಬಿಡುತ್ತಾರೆಯೇ. ಎರಡನೆಯದಕ್ಕೆ ಈ ವರ್ಷ ಒಪ್ಪಿದ್ದಾರೆಂದು ಕೇಳಿದ್ದೇನೆ, ಆದರೆ ಬಾಯಿಮಾತಿನ ಒಪ್ಪಿಗೆ ಅದು, ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.